ಕಥೆಯಲ್ಲಿ ಮಡಿದವರು

ಕೊಯ್ಲು ಮುಗಿದು ಗದ್ದೆಗಳು ಬರಿದಾದ ಮೇಲೆ, ಬಂಟ್ವಾಳದಿಂದ ಬೆಳ್ತಂಗಡಿಗೆ ಹೋಗುವ ದಾರಿಯಲ್ಲಿರುವ ಮಡಂತ್ಯಾರಿನ ಆಸುಪಾಸಿನಲ್ಲಿ ಚೆಂಡೆಯ ಸದ್ದು ಕೇಳತೊಡಗುತ್ತದೆ. ಅಲ್ಲಿಂದ ಪತ್ತನಾಜೆಯವರೆಗೆ ಬಯಲಾಟಗಳ ಕಾಲ. ಅಂದು ‘ಅಭಿಮನ್ಯು ಕಾಳಗ’ದ ಪ್ರಸಂಗವೆನ್ನಿ. ಚಕ್ರವ್ಯೂಹವನ್ನು ಹೊಕ್ಕ ಬಾಲಕನು ಮರಳಿ ಬರಲಾರನೆಂಬುದು ಅಜ್ಜಿಗೂ ಗೊತ್ತು, ಮೊಮ್ಮಗನಿಗೂ ಗೊತ್ತು. ಆದರೂ ಅಭಿಮನ್ಯು ಬಿದ್ದಾಗ ಅಜ್ಜಿ ಸೆರಗಿನಿಂದ ಕಣ್ಣೊರಸಿಕೊಳ್ಳುತ್ತಾಳೆ. ಅತ್ತ ಚೌಕಿಯಲ್ಲಿ ವೇಷಧಾರಿಯು ಬಣ್ಣ ತೆಗೆಯುತ್ತಿರುತ್ತಾನೆ! ಹಾಗಾದರೆ ಆ ಕಣ್ಣೀರು ಯಾರಿಗಾಗಿ?

ಮೆಚ್ಚಿದ ಪಾತ್ರವು ಸಾಯಬಾರದೆಂಬ ಆಸೆ ಎಲ್ಲ ದೇಶದವರಿಗೂ ಇದೆ. ಬ್ರಿಟಿಷ್ ಲೇಖಕ ಆರ್ಥರ್ ಕಾನನ್ ಡಾಯ್ಲ್ ತನ್ನ ಪತ್ತೇದಾರ ಷರ್ಲಾಕ್ ಹೋಮ್ಸ್‌ನನ್ನು 1893ರಲ್ಲಿ ಜಲಪಾತವೊಂದರ ಬಳಿ ಕೊನೆಗಾಣಿಸಿದನು. ಓದುಗರು ಕೋಪಗೊಂಡರು, ಅವನನ್ನು ಬದುಕಿಸಬೇಕೆಂದು ಪಟ್ಟು ಹಿಡಿದರು. ಕೊನೆಗೆ 1903ರಲ್ಲಿ, ಹೋಮ್ಸ್ ಸತ್ತೇ ಇರಲಿಲ್ಲವೆಂದು ಲೇಖಕನು ಬರೆಯಬೇಕಾಯಿತು.

ಆದರೆ ಎಲ್ಲರನ್ನೂ ಹೀಗೆ ಬದುಕಿಸಲು ಬರುತ್ತದೆಯೇ? ಪುತ್ತೂರಿನಲ್ಲಿ ಬಹುಕಾಲ ನೆಲೆಸಿದ್ದ ಡಾ. ಶಿವರಾಮ ಕಾರಂತರ ‘ಚೋಮನ ದುಡಿ’ ಕಾದಂಬರಿಯು 1933ರಲ್ಲಿ ಪ್ರಕಟವಾಯಿತು. ಚೋಮನಿಗೆ ಇದ್ದುದು ಒಂದೇ ಆಸೆ: ತುಂಡು ನೆಲವನ್ನು ತಾನೇ ಉಳಬೇಕು. ಅವನಲ್ಲಿ ಎತ್ತುಗಳಿದ್ದವು, ತೋಳಿನಲ್ಲಿ ಬಲವಿತ್ತು. ಆದರೆ ಅಸ್ಪೃಶ್ಯನೆನಿಸಿಕೊಂಡವನು ಬೇಸಾಯಗಾರನಾಗುವುದಕ್ಕೆ ಊರಿನ ಕಟ್ಟಳೆ ಒಪ್ಪಲಿಲ್ಲ. ಅವನ ಮಗ ನೀಲನು ನೀರಿನಲ್ಲಿ ಮುಳುಗುತ್ತಿದ್ದಾಗ, ಮುಟ್ಟಿದರೆ ಮೈಲಿಗೆಯೆಂಬ ಭಾವನೆಯು ದಡದಲ್ಲಿದ್ದವರ ಕೈಗಳನ್ನು ಕಟ್ಟಿಹಾಕಿತು. ಎಲ್ಲ ಆಸೆಯೂ ಬತ್ತಿದ ಚೋಮನು ದುಡಿಯನ್ನು ಬಾರಿಸುತ್ತಲೇ ಪ್ರಾಣ ಬಿಡುತ್ತಾನೆ.

ಈ ಪಾಠವನ್ನು ಮಾಡುವಾಗಲೆಲ್ಲ ಯಾರಾದರೊಬ್ಬ ವಿದ್ಯಾರ್ಥಿ ನನ್ನನ್ನು ಕೇಳುತ್ತಿದ್ದನು: “ಚೋಮನಿಗೆ ಕೊನೆಯಲ್ಲಾದರೂ ಒಂದು ಗದ್ದೆಯನ್ನು ಕೊಡಬಹುದಿತ್ತಲ್ಲ, ಸಾರ್?” ಕೊಡಬಹುದಿತ್ತು. ಆಗ ನಾವು ಸಂತೋಷದಿಂದ ಪುಸ್ತಕವನ್ನು ಮುಚ್ಚಿ, ಚೋಮನನ್ನು ಮರೆತುಬಿಡುತ್ತಿದ್ದೆವು. ಊರು ಕೊಡದ ನೆಲವನ್ನು ಲೇಖನಿಯು ಕೊಟ್ಟಿದ್ದರೆ ಅದು ಸುಳ್ಳಾಗುತ್ತಿತ್ತು.

ಸಂವಿಧಾನವು 1950ರಲ್ಲಿ ಅಸ್ಪೃಶ್ಯತೆಯನ್ನು ನಿಷೇಧಿಸಿತು. ಭೂಸುಧಾರಣೆಯ ತಿದ್ದುಪಡಿ ಕಾನೂನು 1974ರಲ್ಲಿ ಜಾರಿಗೆ ಬಂದು, ನಮ್ಮ ಜಿಲ್ಲೆಯ ಅಸಂಖ್ಯ ಗೇಣಿದಾರರು ಭೂಮಿಯ ಒಡೆಯರಾದರು. ಆದರೆ ಚೋಮನು ಗೇಣಿದಾರನೂ ಆಗಿರಲಿಲ್ಲ, ಅವನು ಆಳು. ಅವನಂತಹ ಅನೇಕರಿಗೆ ಆಗಲೂ ಉಳುವ ನೆಲ ದೊರೆಯಲಿಲ್ಲ. ಆದುದರಿಂದಲೇ ಆ ದುಡಿಯ ಸದ್ದು ಇನ್ನೂ ನಮ್ಮ ಕಿವಿಯಲ್ಲಿ ಉಳಿದಿದೆ.

ಕಥೆಯಲ್ಲಿ ಮಡಿದವರಿಗಾಗಿ ಅಳುವುದು ದೌರ್ಬಲ್ಯವಲ್ಲ. ಬಯಲಾಟದ ಅಜ್ಜಿ ಅತ್ತದ್ದು ವೇಷಧಾರಿಗಾಗಿ ಅಲ್ಲ. ಹಲವರು ಸುತ್ತುವರಿದು ಕೊಂದ ಒಬ್ಬ ಹುಡುಗನಿಗಾಗಿ. ಅನ್ಯರ ನೋವನ್ನು ತನ್ನದೆಂದು ತಿಳಿಯುವುದನ್ನು ಮನಸ್ಸು ಹೀಗೆ ಕಲಿಯುತ್ತದೆ. ಆದರೆ ನೀಲನಿಗಾಗಿ ಪುಸ್ತಕದ ಮೇಲೆ ಕಣ್ಣೀರಿಟ್ಟವನು, ನಾಳೆ ದಡದಲ್ಲಿ ನಿಂತಾಗ ಕೈ ನೀಡದಿದ್ದರೆ ಆ ಕಣ್ಣೀರಿಗೆ ಬೆಲೆಯೇನು? ನೀಲನನ್ನು ನಾವು ಬದುಕಿಸಲಾರೆವು; ನಮ್ಮ ಕಣ್ಣೆದುರಿಗೆ ಇರುವವರ ಕೈಯನ್ನು ಹಿಡಿಯಬಲ್ಲೆವು.