ಕುಮಾರ ಪರ್ವತ: ಸ್ವೆಟರ್ ಜೊತೆಗೆ ಟೊಪ್ಪಿಯೂ ಇರಲಿ

ಕುಮಾರ ಪರ್ವತಕ್ಕೆ ಹೊರಟವರ ಬ್ಯಾಗಿನಲ್ಲಿ ಸ್ವೆಟರ್, ಟಾರ್ಚ್, ಚಿಪ್ಸ್ ಎಲ್ಲ ಇರುತ್ತವೆ, ಬಿಸಿಲಿಗೆ ಟೊಪ್ಪಿ ಇರುವುದಿಲ್ಲ. ಜನವರಿ ಎಂದರೆ ಚಳಿಗಾಲವಲ್ಲವೇ ಎಂಬ ಧೈರ್ಯ. 1,712 ಮೀಟರ್ ಎತ್ತರದ ತುದಿಯಲ್ಲಿ ರಾತ್ರಿ ಹೊತ್ತಿಗೆ ಅದು ನಿಜವೇ. ಆದರೆ ನಡಿಗೆ ಶುರುವಾಗುವುದು ಕುಕ್ಕೆ ಸುಬ್ರಹ್ಮಣ್ಯದಲ್ಲಿ, ಕರಾವಳಿಯ ಸೆಕೆ ಬಿಡದಷ್ಟು ತಗ್ಗಿನಲ್ಲಿ.

ಬೆಂಗಳೂರಿನಿಂದ ಬರುವವರು ಹೆಚ್ಚಾಗಿ ರಾತ್ರಿ ಬಸ್ಸಿನವರು. ದಾರಿಯಲ್ಲಿ ಮೂತ್ರಕ್ಕೆ ಇಳಿಯಬೇಕಾದೀತೆಂದು ನೀರು ಕುಡಿದಿರುವುದಿಲ್ಲ, ಘಾಟಿ ತಿರುವುಗಳಲ್ಲಿ ನಿದ್ದೆಯೂ ಆಗಿರುವುದಿಲ್ಲ. ಬಿಸಿಲಿನ ತೊಂದರೆಗೆ ಅರ್ಧ ತಯಾರಿ ಅಲ್ಲೇ ಮುಗಿದಿರುತ್ತದೆ. ಇಳಿದ ತಕ್ಷಣ ಹತ್ತಬೇಡಿ. ಎರಡು ಲೋಟ ನೀರು ಕುಡಿದು, ತಿಂಡಿ ತಿಂದು ಹೊರಡಿ. ಸಾಧ್ಯವಾದರೆ ಹಿಂದಿನ ದಿನವೇ ಬಂದು ಸುಬ್ರಹ್ಮಣ್ಯದಲ್ಲಿ ಮಲಗಿ.

ಮೊದಲ ನಾಲ್ಕೈದು ಕಿಲೋಮೀಟರ್ ದಟ್ಟ ಕಾಡು. ನೆರಳಿದೆ, ಆದರೆ ಗಾಳಿಯಾಡುವುದಿಲ್ಲ. ತೇವದಲ್ಲಿ ಬೆವರು ಆರುವುದಿಲ್ಲ, ಬೆವರು ಆರದೆ ಮೈ ತಣಿಯುವುದಿಲ್ಲ. ಕಾಡು ಮುಗಿಯುವಲ್ಲಿ ಸಿಗುವ ಭಟ್ಟರ ಮನೆ ದಾಟಿ ಮೇಲೆ ಹೋದರೆ ಬೋಳು ಹುಲ್ಲುಗಾವಲು. ದಾರಿಯಲ್ಲಿರುವ ಕಲ್ಲು ಮಂಟಪ ಬಿಟ್ಟರೆ, ತುದಿಗೆ ಮೊದಲು ಸಿಗುವ ಶೇಷ ಪರ್ವತದವರೆಗೆ ನೆರಳೆಂದು ಕೂರುವ ಜಾಗ ಬಹಳ ಕಡಿಮೆ. ಇಲ್ಲಿ ಒಂದು ಸಂಗತಿ ಗಮನಿಸಿ: ಕುಕ್ಕೆಯ ದಾರಿ ಬೆಟ್ಟದ ಪಡುವಣ ಮೈಯಲ್ಲಿದೆ. ಬೆಳಗ್ಗೆ ಬೆಟ್ಟವೇ ಸೂರ್ಯನಿಗೆ ಅಡ್ಡ ನಿಂತು ನೆರಳು ಕೊಡುತ್ತದೆ, ಮಧ್ಯಾಹ್ನ ಬಿಸಿಲು ನೇರವಾಗಿ ಇದೇ ಇಳಿಜಾರಿಗೆ ಬಡಿಯುತ್ತದೆ. ಹತ್ತುವಾಗ ಹುಷಾರಾಗಿದ್ದವರು ಮಧ್ಯಾಹ್ನ ಎರಡು ಗಂಟೆಗೆ ಖಾಲಿ ಬಾಟಲಿ ಹಿಡಿದು ಇಳಿಯುವಾಗ ಸುಸ್ತಾಗುವುದು ಹೀಗೆ. ಅರಣ್ಯ ಇಲಾಖೆ ಬಿಡುವ ಹೊತ್ತಿಗೇ ಹೊರಡಿ. ತುದಿ ಸಿಗಲಿ ಬಿಡಲಿ, ಹಿಂದಿರುಗುವ ಗಂಟೆಯನ್ನು ಮೊದಲೇ ಗೊತ್ತುಮಾಡಿಕೊಳ್ಳಿ.

ತಲಾ ಮೂರು ಲೀಟರ್ ನೀರು ಹೊರಬೇಕು. ಕಲ್ಲು ಮಂಟಪದ ಹತ್ತಿರದ ತೊರೆ ಬೇಸಿಗೆ ಸಮೀಪಿಸಿದಂತೆ ಸೊರಗುತ್ತದೆ, ಅದನ್ನು ನಂಬಬೇಡಿ. ಗಂಟೆಗೆ ಅರ್ಧದಿಂದ ಮುಕ್ಕಾಲು ಲೀಟರಿನಂತೆ ಗುಟುಕು ಗುಟುಕಾಗಿ ಕುಡಿಯಿರಿ. ಬರೀ ನೀರನ್ನೇ ಮಿತಿಮೀರಿ ಕುಡಿದರೆ ರಕ್ತದ ಸೋಡಿಯಂ ಇಳಿದು ಬಿಸಿಲಿನ ತೊಂದರೆಯಂಥದೇ ತಲೆನೋವು, ವಾಕರಿಕೆ ಬರುತ್ತದೆ. ಓಆರ್‌ಎಸ್ ಪೊಟ್ಟಣವನ್ನು ಅದರ ಮೇಲೆ ಬರೆದಷ್ಟೇ ನೀರಿಗೆ ಹಾಕಿ, ದಪ್ಪಗೆ ಕಲಸಬೇಡಿ. ಉಪ್ಪು ಹಾಕಿದ ಪುನರ್ಪುಳಿ ಶರಬತ್ತು ಒಂದು ಬಾಟಲಿ ಇದ್ದರೆ ನಾಲಿಗೆಗೂ ಹಿತ. ಮದ್ಯವಂತೂ ಬೇಡವೇ ಬೇಡ. ಈ ಬೆಟ್ಟವಿರುವ ಅಭಯಾರಣ್ಯದ ನಿಯಮಕ್ಕಷ್ಟೇ ಅಲ್ಲ, ಮೈಯ ನೀರಿಗೂ ಅದು ಶತ್ರು.

ಟೆಂಟ್ ಎಲ್ಲಿ ಹಾಕಬಹುದು, ರಾತ್ರಿ ತಂಗಲು ಬಿಡುತ್ತಾರೆಯೇ ಎಂಬ ನಿಯಮ ಆಗಾಗ ಬದಲಾಗುತ್ತದೆ. ಚಾರಣಕ್ಕೆ ಬುಕ್ ಮಾಡುವಾಗಲೇ ಕೇಳಿಕೊಳ್ಳಿ. ಅನುಮತಿಯಿದ್ದರೂ ಸಂಜೆ ಬಿಸಿಲಿಳಿದ ಮೇಲೆ ಟೆಂಟ್ ಕಟ್ಟಿ. ಹಗಲಲ್ಲಿ ಸುಸ್ತಾದವರನ್ನು ಅದರೊಳಗೆ ಮಲಗಿಸುವುದು ತಪ್ಪು, ಒಳಗೆ ಹೊರಗಿಗಿಂತ ಕಾವು ಹೆಚ್ಚು.

ಜೊತೆಯವರಿಗೆ ತಲೆಸುತ್ತು, ವಾಕರಿಕೆ, ಕಾಲು ಹಿಡಿಯುವುದು ಶುರುವಾದರೆ ನೆರಳಲ್ಲಿ ಕೂರಿಸಿ, ಶೂ ಬಿಚ್ಚಿಸಿ, ಓಆರ್‌ಎಸ್ ಕೊಡಿ. ಅರ್ಧ ಗಂಟೆಯಲ್ಲಿ ಚೇತರಿಸದಿದ್ದರೆ ಸಹಾಯ ಕರೆಯಿರಿ. ಮಾತು ತಡವರಿಸಿದರೆ, ತೂರಾಡಿದರೆ, ಎಲ್ಲಿದ್ದೇನೆಂದು ತಿಳಿಯದಿದ್ದರೆ ಅದು ಹೀಟ್ ಸ್ಟ್ರೋಕ್. ಮೈಯ ಕಾವು ಆಗ 40 ಡಿಗ್ರಿ ದಾಟಿರುತ್ತದೆ. ಬೆವರುತ್ತಿದ್ದಾರಲ್ಲ ಎಂದು ಸಮಾಧಾನಪಡಬೇಡಿ, ನಡೆಯುವವರಲ್ಲಿ ಹೆಚ್ಚಾಗಿ ಬೆವರು ನಿಂತಿರುವುದಿಲ್ಲ. ಇದ್ದಬದ್ದ ನೀರನ್ನು ಮೈಮೇಲೆ ಸುರಿದು ಬೀಸಿ. ಕತ್ತು, ಕಂಕುಳು, ತೊಡೆಸಂದಿಗೆ ಒದ್ದೆ ಬಟ್ಟೆ ಇಡಿ. ಎಚ್ಚರವಿಲ್ಲದವರ ಬಾಯಿಗೆ ನೀರು ಹಾಕಬೇಡಿ, ಪ್ಯಾರಾಸಿಟಮಾಲ್ ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ. ಸಿಗ್ನಲ್ ಸಿಕ್ಕರೆ 108. ಸಿಗದಿದ್ದರೆ ಇಬ್ಬರು ಅರಣ್ಯ ಇಲಾಖೆಯ ಚೆಕ್‌ಪೋಸ್ಟಿಗೆ ಇಳಿಯಲಿ, ಉಳಿದವರು ತಣಿಸುವುದನ್ನು ನಿಲ್ಲಿಸದಿರಲಿ.

ವಾಪಸಿನ ಟಿಕೆಟನ್ನು ಸಂಜೆಯ ಬಸ್ಸಿಗೆ ತೆಗೆಸಬೇಡಿ. ಅದನ್ನು ಹಿಡಿಯುವ ಅವಸರದಲ್ಲೇ ಎಷ್ಟೋ ಜನ ಸುಡುಬಿಸಿಲಲ್ಲಿ ಹುಲ್ಲುಗಾವಲು ಇಳಿಯುತ್ತಾರೆ. ತಡರಾತ್ರಿಯ ಬಸ್ಸಾದರೆ ಭಟ್ಟರ ಮನೆಯ ಹತ್ತಿರ ಒಂದು ಗಂಟೆ ಕೂತು ಬಿಸಿಲಿಳಿಸಿಕೊಂಡು, ಬೆಳಕಿರುವಾಗಲೇ ಕಾಡು ದಾಟಬಹುದು.