ಹಳೆಯ ಜೀಪು, ಸುಮೊ, ಕ್ವಾಲಿಸ್ ಇಂಜಿನ್‌ಗಳಿಗೆ ಆಯಿಲ್ ಆಯ್ಕೆ

ಸಂತೆಗೆ ಸರಕು ಹೊರುತ್ತಿದ್ದ ಎತ್ತಿನ ಗಾಡಿಯ ಕೆಲಸವನ್ನು ಈಗ ಮೋಟಾರು ವಾಹನಗಳು ಮಾಡುತ್ತಿವೆ. ಮಾಗಡಿ, ತಾವರೆಕೆರೆ ಕಡೆಯ ರೈತರು ತಾವು ಬೆಳೆದ ತರಕಾರಿ, ಸೊಪ್ಪು, ಹೂವುಗಳನ್ನು ಮಾಗಡಿ ರಸ್ತೆಯ ಮೂಲಕ ಬೆಂಗಳೂರಿನ ಕೃಷ್ಣರಾಜೇಂದ್ರ ಮಾರುಕಟ್ಟೆಗೂ ಕಲಾಸಿಪಾಳ್ಯಕ್ಕೂ ತರುತ್ತಾರೆ. ಇವರಲ್ಲಿ ಹಲವರ ಬಳಿ ಇರುವುದು ಹದಿನೈದು, ಇಪ್ಪತ್ತು ವರ್ಷ ದುಡಿದ ಡೀಸೆಲ್ ವಾಹನ. 1994ರಲ್ಲಿ ಬಂದ ಟಾಟಾ ಸುಮೊ, 2000ದಲ್ಲಿ ಬಂದ ಮಹೀಂದ್ರ ಬೊಲೆರೊ, ನಮ್ಮ ಬಿಡದಿಯಲ್ಲೇ ತಯಾರಾಗಿ 2005ರವರೆಗೆ ಮಾರಾಟವಾದ ಟೊಯೋಟ ಕ್ವಾಲಿಸ್, ಇವುಗಳಿಗಿಂತಲೂ ಹಳೆಯ ಜೀಪುಗಳು ಈ ಸಾಲಿಗೆ ಸೇರುತ್ತವೆ.

ದಾರಿಯಲ್ಲಿ ಸಿಗುವ ಗೋವಿಂದರಾಜನಗರ, ವಿಜಯನಗರ, ಕಾಮಾಕ್ಷಿಪಾಳ್ಯದಂಥ ಬಡಾವಣೆಗಳ ಗ್ಯಾರೇಜುಗಳಲ್ಲಿ ಇಂಥ ವಾಹನಗಳಿಗೆ ಸಾಮಾನ್ಯವಾಗಿ ದೊರೆಯುವ ಸಲಹೆ ಒಂದೇ: "ಗಾಡಿ ಹಳೇದಾಯ್ತು, ದಪ್ಪ ಆಯಿಲ್ ಹಾಕ್ಸಿ." ಈ ಸಲಹೆ ಕೆಲವು ಸಂದರ್ಭಗಳಲ್ಲಿ ಸರಿ; ಅನೇಕ ಸಂದರ್ಭಗಳಲ್ಲಿ ತಪ್ಪು. ಮಣ್ಣು ಪರೀಕ್ಷೆ ಮಾಡಿಸದೆ ಗೊಬ್ಬರ ಹಾಕುವುದು ಹೇಗೆ ವ್ಯರ್ಥವೋ, ಇಂಜಿನ್ನಿನ ಸ್ಥಿತಿ ತಿಳಿಯದೆ ಆಯಿಲ್ ಬದಲಿಸುವುದೂ ಹಾಗೆಯೇ ವ್ಯರ್ಥ. ಆಯಿಲ್ ಆಯ್ಕೆಯಲ್ಲಿ ವಾಹನದ ವಯಸ್ಸಿಗಿಂತ ಇಂಜಿನ್ನಿನ ಸವೆತ ಮುಖ್ಯವಾದುದು. ತಪ್ಪು ಆಯ್ಕೆಯಿಂದ ಬೇರಿಂಗು ಕಚ್ಚಿಕೊಂಡರೆ ಇಂಜಿನ್ ಪೂರ್ತಿ ಬಿಚ್ಚಬೇಕಾಗುತ್ತದೆ. ಆ ಖರ್ಚಿನ ಜೊತೆಗೆ, ಕೊಯ್ದ ಸೊಪ್ಪು ಮಾರುಕಟ್ಟೆ ಸೇರದೆ ಬಾಡಿಹೋಗುವ ನಷ್ಟವನ್ನೂ ಲೆಕ್ಕ ಹಾಕಬೇಕು.

ಆಯಿಲ್ ಮಾಡುವ ಕೆಲಸ

ಇಂಜಿನ್ ಆಯಿಲ್ ಕೇವಲ ಜಾರಿಕೆಗಾಗಿ ಇರುವುದಲ್ಲ. ಅದು ತಿರುಗುವ ಭಾಗಗಳ ನಡುವೆ ತೆಳುವಾದ ಪದರವಾಗಿ ನಿಂತು ಸವೆತವನ್ನು ತಡೆಯುತ್ತದೆ. ಪಿಸ್ಟನ್, ಬೇರಿಂಗುಗಳ ಶಾಖವನ್ನು ಹೊರಗೆ ಒಯ್ಯುತ್ತದೆ. ರಿಂಗುಗಳ ಸಂದನ್ನು ಮುಚ್ಚಿ ಒತ್ತಡ ಸೋರದಂತೆ ನೋಡಿಕೊಳ್ಳುತ್ತದೆ. ಮಸಿಯನ್ನು ತನ್ನಲ್ಲಿ ತೇಲಿಸಿಕೊಂಡು ಇಂಜಿನ್ನನ್ನು ಶುಚಿಯಾಗಿಡುತ್ತದೆ. ಡೀಸೆಲ್‌ನಲ್ಲಿರುವ ಗಂಧಕ ಉರಿದಾಗ ಹುಟ್ಟುವ ಆಮ್ಲವನ್ನು ತನ್ನಲ್ಲಿರುವ ಕ್ಷಾರದಿಂದ ಶಮನ ಮಾಡುತ್ತದೆ.

ಆದ್ದರಿಂದ ಡೀಸೆಲ್ ಇಂಜಿನ್ನಿನಲ್ಲಿ ಹೊಸ ಆಯಿಲ್ ಕೆಲವೇ ನೂರು ಕಿ.ಮೀ. ಓಟದಲ್ಲಿ ಕಪ್ಪಾದರೆ ಅದು ಕೆಟ್ಟಿತೆಂದು ತಿಳಿಯಬಾರದು. ಮಸಿಯನ್ನು ಹೊತ್ತುಕೊಂಡು ತನ್ನ ಕೆಲಸ ಮಾಡುತ್ತಿದೆ ಎಂಬುದಕ್ಕೆ ಅದು ಗುರುತು.

ಡಬ್ಬಿಯ ಮೇಲಿನ ಅಂಕಿಗಳು

ಆಲೆಮನೆಯಲ್ಲಿ ಬೆಲ್ಲದ ಪಾಕ ಬಿಸಿಯಿರುವಾಗ ಸಲೀಸಾಗಿ ಹರಿಯುತ್ತದೆ, ಆರಿದಂತೆ ಗಟ್ಟಿಯಾಗುತ್ತದೆ. ಆಯಿಲ್‌ಗೂ ಇದೇ ಸ್ವಭಾವ. ಹರಿಯಲು ಅದು ಒಡ್ಡುವ ತಡೆಗೆ ಸ್ನಿಗ್ಧತೆ ಎಂದು ಹೆಸರು. ಇದನ್ನು ಅಳೆದು ಎಸ್.ಎ.ಇ. ಎಂಬ ಇಂಜಿನಿಯರುಗಳ ಸಂಘವು ಗೊತ್ತುಪಡಿಸಿದ ಅಂಕಿಗಳೇ ಡಬ್ಬಿಯ ಮೇಲೆ 15ಡಬ್ಲ್ಯು-40, 20ಡಬ್ಲ್ಯು-50 ಎಂದು ಅಚ್ಚಾಗಿರುತ್ತವೆ.

ಡಬ್ಲ್ಯು ಅಕ್ಷರ ಚಳಿಗಾಲವನ್ನು ಸೂಚಿಸುತ್ತದೆ. ಅದರ ಹಿಂದಿನ ಅಂಕಿ ಚಿಕ್ಕದಾದಷ್ಟೂ ಆಯಿಲ್ ಚಳಿಯಲ್ಲಿ ಬೇಗ ಹರಿಯುತ್ತದೆ. ಎರಡನೆಯ ಅಂಕಿ ಇಂಜಿನ್ ಬಿಸಿಯೇರಿದ ಮೇಲಿನ ದಪ್ಪವನ್ನು ತಿಳಿಸುತ್ತದೆ. 100 ಡಿಗ್ರಿ ಸೆಂ. ಉಷ್ಣತೆಯಲ್ಲಿ 40ರ ದರ್ಜೆಯ ಆಯಿಲ್ 12.5ರಿಂದ 16.3 ಸೆಂಟಿಸ್ಟೋಕ್ಸ್ ಒಳಗೆ, 50ರ ದರ್ಜೆಯದು 16.3ರಿಂದ 21.9ರ ಒಳಗೆ ಇರಬೇಕು.

15ಡಬ್ಲ್ಯು ಮತ್ತು 20ಡಬ್ಲ್ಯು ದರ್ಜೆಗಳನ್ನು ಶೂನ್ಯಕ್ಕಿಂತ 15-20 ಡಿಗ್ರಿ ಕೆಳಗಿನ ಚಳಿಯಲ್ಲಿ ಪರೀಕ್ಷಿಸಲಾಗುತ್ತದೆ. ಬೆಂಗಳೂರಿನಲ್ಲಿ ದಾಖಲಾಗಿರುವ ಅತಿ ಕಡಿಮೆ ಉಷ್ಣತೆ 1884ರ ಜನವರಿಯ 7.8 ಡಿಗ್ರಿ, 2016ರ ಏಪ್ರಿಲ್‌ನಲ್ಲಿ ಇಲ್ಲಿಯ ಬಿಸಿಲು 39.2 ಡಿಗ್ರಿ ಮುಟ್ಟಿತ್ತು. ಆದ್ದರಿಂದ ಹಿಮ ಬೀಳುವ ದೇಶಗಳಿಗಾಗಿ ಮಾಡಿದ 0ಡಬ್ಲ್ಯು, 5ಡಬ್ಲ್ಯು ಆಯಿಲ್‌ಗಳು ನಮ್ಮ ಹಳೆಯ ವಾಹನಗಳಿಗೆ ಅಗತ್ಯವಿಲ್ಲ.

ಗೇರ್ ಆಯಿಲ್‌ನ 90, 140 ಎಂಬ ಅಂಕಿಗಳು ಬೇರೆ ಅಳತೆಗೆ ಸೇರಿದವು. 90ರ ಗೇರ್ ಆಯಿಲ್ 40ರ ಇಂಜಿನ್ ಆಯಿಲ್‌ಗಿಂತ ಎರಡು ಪಟ್ಟು ದಪ್ಪವೆಂದು ಭಾವಿಸುವುದು ತಪ್ಪು. ಅದನ್ನು ಇಂಜಿನ್ನಿಗೆ ಬೆರೆಸುವುದು ಇನ್ನೂ ದೊಡ್ಡ ತಪ್ಪು. ಹಾಗೆಯೇ ಟ್ರ್ಯಾಕ್ಟರಿನ ಗೇರು ಮತ್ತು ಹೈಡ್ರಾಲಿಕ್ ಭಾಗಕ್ಕೆ ಮಾತ್ರ ಮಾಡಿದ ಆಯಿಲನ್ನು ಯಾವ ಇಂಜಿನ್ನಿಗೂ ಹಾಕಬಾರದು.

ಅಕ್ಷರಗಳ ಅರ್ಥ

ಅಂಕಿ ದಪ್ಪವನ್ನಷ್ಟೇ ಹೇಳುತ್ತದೆ, ಗುಣಮಟ್ಟವನ್ನು ಎ.ಪಿ.ಐ. ಎಂಬ ಗುರುತಿನ ಮುಂದಿನ ಅಕ್ಷರಗಳು ಹೇಳುತ್ತವೆ. 'ಎಸ್' ಅಕ್ಷರದಿಂದ ಆರಂಭವಾಗುವ ದರ್ಜೆಗಳು ಪೆಟ್ರೋಲ್ ಇಂಜಿನ್ನಿಗೆ, 'ಸಿ' ಅಕ್ಷರದವು ಡೀಸೆಲ್ ಇಂಜಿನ್ನಿಗೆ. ಡೀಸೆಲ್ ದರ್ಜೆಗಳಲ್ಲಿ ಸಿಎಚ್-4 1998ರಲ್ಲಿ, ಸಿಐ-4 2002ರಲ್ಲಿ, ಸಿಕೆ-4 2016ರಲ್ಲಿ ಜಾರಿಗೆ ಬಂದವು. ಹೊಸ ದರ್ಜೆಯ ಆಯಿಲನ್ನು ಹಳೆಯ ದರ್ಜೆ ಕೇಳುವ ಇಂಜಿನ್ನಿಗೆ ಸಾಮಾನ್ಯವಾಗಿ ಹಾಕಬಹುದು. ಆದರೆ 'ಎಫ್ಎ-4' ಎಂಬ ತೆಳು ಆಯಿಲ್ ಇದಕ್ಕೆ ಹೊರತು. ಅದು ಹಳೆಯ ಇಂಜಿನ್ನಿಗೆ ಸಲ್ಲದು.

ಒಂದೇ ಮನೆಯಲ್ಲಿ ಹಳೆಯ ಸುಮೊ ಜೊತೆಗೆ 2020ರ ಏಪ್ರಿಲ್ ನಂತರದ ಬಿ.ಎಸ್.-6 ಡೀಸೆಲ್ ವಾಹನವೂ ಇದ್ದರೆ ಹೆಚ್ಚಿನ ಎಚ್ಚರ ಬೇಕು. ಹೊಸ ವಾಹನದ ಹೊಗೆಕೊಳವೆಯಲ್ಲಿ ಮಸಿ ಹಿಡಿಯುವ ಜಾಲರಿ ಇರುತ್ತದೆ. ಹಳೆಯ ದರ್ಜೆಯ ಆಯಿಲ್ ಉರಿದಾಗ ಉಳಿಯುವ ಬೂದಿಯಿಂದ ಆ ಜಾಲರಿ ಕಟ್ಟಿಕೊಳ್ಳುತ್ತದೆ. ಆದ್ದರಿಂದ ಸುಮೊಗೆ ತಂದು ಉಳಿದ ಆಯಿಲನ್ನು ಹೊಸ ವಾಹನಕ್ಕೆ ಸುರಿಯಬಾರದು.

ಯಾವ ವಾಹನಕ್ಕೆ ಯಾವುದು?

ಮೊದಲನೆಯ ಮಾತು ವಾಹನದ ಜೊತೆಗೆ ಬಂದ ಕೈಪಿಡಿಯದು. ಅದರಲ್ಲಿ ಹೊರಗಿನ ಉಷ್ಣತೆಗೆ ತಕ್ಕಂತೆ ಬಳಸಬಹುದಾದ ದರ್ಜೆಗಳ ಪಟ್ಟಿ ಇರುತ್ತದೆ. ಕೈಪಿಡಿ ಕಳೆದುಹೋಗಿದ್ದರೆ ಕಂಪನಿಯ ಸರ್ವಿಸ್ ಕೇಂದ್ರದಲ್ಲಿ ವಿಚಾರಿಸಬೇಕು.

ಸುಮೊವಿನ ಆರಂಭದ 2 ಲೀಟರ್ ಇಂಜಿನ್, ಕ್ವಾಲಿಸ್‌ನ 2.4 ಲೀಟರ್ ಇಂಜಿನ್ ಇವು ಟರ್ಬೊ ಇಲ್ಲದ ಸರಳ ಡೀಸೆಲ್ ಇಂಜಿನ್ನುಗಳು. ಸವೆತ ಹೆಚ್ಚಿಲ್ಲದ ಇಂಥ ಇಂಜಿನ್ನಿಗೆ ನಮ್ಮ ಹವೆಯಲ್ಲಿ 15ಡಬ್ಲ್ಯು-40 ದರ್ಜೆಯ, ಸಿಐ-4 ಗುಣಮಟ್ಟದ ಸಾಧಾರಣ ಖನಿಜ ಆಯಿಲ್ ಸಾಕು. ದುಬಾರಿ ಸಿಂಥೆಟಿಕ್ ಆಯಿಲ್ ಹಾಕಿದರೆ ಹಾನಿಯಿಲ್ಲ, ಆದರೆ ಬೆಲೆಗೆ ತಕ್ಕ ಲಾಭವೂ ಇಲ್ಲ. ಅದೇ ಹಣದಲ್ಲಿ ಆಯಿಲನ್ನು ಕಾಲಕಾಲಕ್ಕೆ ಬದಲಿಸುವುದು ಉತ್ತಮ. ಟರ್ಬೊ ಇರುವ ಇಂಜಿನ್ನುಗಳಲ್ಲಿ ಅತಿ ವೇಗವಾಗಿ ತಿರುಗುವ ಟರ್ಬೊ ಬೇರಿಂಗಿಗೂ ಇದೇ ಆಯಿಲ್ ಹೋಗುವುದರಿಂದ ಕೈಪಿಡಿಯ ದರ್ಜೆಯನ್ನು ಬದಲಿಸಬಾರದು. ಏರು ಹತ್ತಿ ಬಂದ ಕೂಡಲೆ ನಿಲ್ಲಿಸದೆ ಇಂಜಿನ್ನನ್ನು ಒಂದು ನಿಮಿಷ ನಿಧಾನವಾಗಿ ಓಡಲು ಬಿಡಬೇಕು.

ದಪ್ಪ ಆಯಿಲ್ ಯಾವಾಗ?

ಇಂಜಿನ್ ತಣ್ಣಗಿರುವಾಗ ಚಾಲೂ ಮಾಡಿದ ಮೊದಲ ಕೆಲವು ಕ್ಷಣಗಳಲ್ಲಿ ಸವೆತ ಹೆಚ್ಚು. ದಪ್ಪ ಆಯಿಲ್ ಮೇಲಿನ ಕ್ಯಾಮ್ ಶಾಫ್ಟ್, ವಾಲ್ವ್‌ಗಳನ್ನು ತಡವಾಗಿ ತಲುಪುತ್ತದೆ. ಅಲ್ಲದೆ ಅದನ್ನು ತಳ್ಳಲು ಇಂಜಿನ್ ಹೆಚ್ಚು ಡೀಸೆಲ್ ಉರಿಸಬೇಕಾಗುತ್ತದೆ. ದಪ್ಪ ಆಯಿಲ್ ಹಾಕಿದಾಗ ಒತ್ತಡದ ಮುಳ್ಳು ಮೇಲೇರುವುದನ್ನು ಕಂಡು ಸಮಾಧಾನಪಡುವವರುಂಟು. ಒತ್ತಡ ಹೆಚ್ಚಾದ ಮಾತ್ರಕ್ಕೆ ಹರಿವು ಹೆಚ್ಚಿತೆಂದು ಅರ್ಥವಲ್ಲ. ಹನಿ ನೀರಾವರಿಯ ಕೊಳವೆ ಕಟ್ಟಿಕೊಂಡಾಗಲೂ ಪಂಪಿನ ಬಳಿ ಒತ್ತಡ ಹೆಚ್ಚುತ್ತದೆ, ಆದರೆ ಗಿಡಕ್ಕೆ ನೀರು ಸಿಗುವುದಿಲ್ಲ.

20ಡಬ್ಲ್ಯು-50 ಹಾಕಲು ಮೂರು ಸಂಗತಿಗಳು ಕೂಡಿ ಬರಬೇಕು: ಕೈಪಿಡಿಯ ಪಟ್ಟಿಯಲ್ಲಿ ನಮ್ಮ ಹವೆಗೆ ಆ ದರ್ಜೆಗೆ ಅವಕಾಶವಿರಬೇಕು, ಇಂಜಿನ್ ಆಯಿಲ್ ಕುಡಿಯುತ್ತಿರುವುದು ಅಳತೆಯಿಂದ ಖಚಿತವಾಗಿರಬೇಕು, ಸೋರಿಕೆಯೋ ಬೇರೆ ದೋಷವೋ ಅದಕ್ಕೆ ಕಾರಣವಲ್ಲವೆಂದು ಪರೀಕ್ಷೆಯಿಂದ ತಿಳಿದಿರಬೇಕು. ಆಗಲೂ ಅದು ಕೆಲವು ಕಾಲ ತಳ್ಳುವ ಉಪಾಯವೇ ಹೊರತು ಸವೆದ ರಿಂಗಿಗೆ ಮದ್ದಲ್ಲ. ಹೊಗೆ ನಿಲ್ಲಿಸುತ್ತವೆಂದು ಮಾರುವ ಸಣ್ಣ ಡಬ್ಬಿಗಳಲ್ಲಿ ಬಹುಮಟ್ಟಿಗೆ ಇರುವುದು ಆಯಿಲನ್ನು ದಪ್ಪ ಮಾಡುವ ವಸ್ತುವೇ. ಅದರಿಂದ ರೋಗ ಮುಚ್ಚಿಕೊಳ್ಳುತ್ತದೆ, ಗುಣವಾಗುವುದಿಲ್ಲ.

ಇಂಜಿನ್ ಪರೀಕ್ಷೆ

ರೈತರೇ ಮನೆಯಲ್ಲಿ ಈ ಕೆಳಗಿನ ಪರೀಕ್ಷೆಗಳನ್ನು ಮಾಡಬಹುದು.

1. ಸಮತಟ್ಟಾದ ಜಾಗದಲ್ಲಿ ವಾಹನ ನಿಲ್ಲಿಸಿ, ಇಂಜಿನ್ ಆರಿಸಿ ಹತ್ತು ನಿಮಿಷ ಬಿಟ್ಟು ಅಳತೆ ಕಡ್ಡಿಯ ಮೇಲಿನ ಗುರುತಿನವರೆಗೆ ಆಯಿಲ್ ತುಂಬಬೇಕು. 1,000 ಕಿ.ಮೀ. ಓಡಿದ ಮೇಲೆ ಅದೇ ಗುರುತಿಗೆ ತರಲು ಎಷ್ಟು ಬೇಕಾಯಿತೆಂದು ಅಳೆದು ಬರೆದಿಡಬೇಕು. ಕಾಲು ಲೀಟರಿನಷ್ಟಾದರೆ ಹಳೆಯ ಇಂಜಿನ್ನಿಗೆ ಚಿಂತೆಯಿಲ್ಲ. ಅರ್ಧ ಲೀಟರ್ ದಾಟಿದರೆ ಕಾರಣ ಹುಡುಕಬೇಕು. ಒಂದು ಲೀಟರ್ ಸಮೀಪಿಸಿದರೆ ತಡಮಾಡದೆ ಕಂಪ್ರೆಷನ್ ಪರೀಕ್ಷೆ ಮಾಡಿಸಬೇಕು.

2. ಹೊಗೆಯ ಬಣ್ಣ ಗಮನಿಸಬೇಕು. ನೀಲಿ ಹೊಗೆ ಆಯಿಲ್ ಉರಿಯುತ್ತಿರುವ ಗುರುತು. ಅದು ಬೆಳಿಗ್ಗೆ ಚಾಲೂ ಮಾಡಿದಾಗ ಮಾತ್ರ ಬಂದು ನಿಂತರೆ ವಾಲ್ವ್ ಸೀಲುಗಳು, ಭಾರ ಹೊತ್ತು ಏರು ಹತ್ತುವಾಗ ಬಂದರೆ ರಿಂಗುಗಳು ಸವೆದಿರುವ ಸಂಭವ ಹೆಚ್ಚು. ಕಪ್ಪು ಹೊಗೆಗೆ ಇಂಜೆಕ್ಟರ್ ಅಥವಾ ಕಟ್ಟಿಕೊಂಡ ಏರ್ ಫಿಲ್ಟರ್ ಕಾರಣ. ಆಯಿಲ್ ಬದಲಿಸಿ ಪ್ರಯೋಜನವಿಲ್ಲ.

3. ಆಯಿಲ್ ಮಜ್ಜಿಗೆಯಂತೆ ಬಿಳಿಚಿಕೊಂಡಿದ್ದರೆ ನೀರು ಸೇರಿದೆ. ಹೆಡ್ ಗ್ಯಾಸ್ಕೆಟ್ ನೋಡಿಸಬೇಕು. ಆಯಿಲ್ ಮಟ್ಟ ತಾನಾಗಿ ಏರುತ್ತಿದ್ದು ಡೀಸೆಲ್ ವಾಸನೆ ಬರುತ್ತಿದ್ದರೆ ಡೀಸೆಲ್ ಸೋರಿ ಆಯಿಲನ್ನು ತೆಳುವಾಗಿಸುತ್ತಿದೆ. ಈ ಎರಡರಲ್ಲೂ ವಾಹನ ಓಡಿಸಬಾರದು.

4. ಬಿಸಿ ಇಂಜಿನ್ ನಿಧಾನವಾಗಿ ಓಡುವಾಗ ಆಯಿಲ್ ಒತ್ತಡದ ಕೆಂಪು ದೀಪ ಹತ್ತಿದರೆ ಕೂಡಲೆ ನಿಲ್ಲಿಸಿ ಮಟ್ಟ ನೋಡಬೇಕು. ಮಟ್ಟ ಸರಿಯಿದ್ದರೂ ದೀಪ ಆರದಿದ್ದರೆ ಗೇಜು ಜೋಡಿಸಿ ಒತ್ತಡ ಅಳೆಸಬೇಕು.

ಬದಲಿಸುವ ಅವಧಿ

ಕೈಪಿಡಿಯಲ್ಲಿ ಬೇರೆ ಅವಧಿ ಹೇಳಿರದಿದ್ದರೆ ಖನಿಜ ಆಯಿಲನ್ನು 5,000 ಕಿ.ಮೀ. ಅಥವಾ ಆರು ತಿಂಗಳು, ಯಾವುದು ಮೊದಲೋ ಆಗ ಬದಲಿಸುವುದು ಕ್ಷೇಮ. ಮಾಗಡಿಯಿಂದ ಬೆಂಗಳೂರಿಗೆ ಸುಮಾರು 50 ಕಿ.ಮೀ. ವಾರಕ್ಕೆ ನಾಲ್ಕು ಬಾರಿ ಹೋಗಿಬಂದರೆ 400 ಕಿ.ಮೀ. ಆಗುತ್ತದೆ, ಹನ್ನೆರಡೂವರೆ ವಾರಗಳಲ್ಲಿ, ಅಂದರೆ ಮೂರು ತಿಂಗಳಿಗೇ 5,000 ಕಿ.ಮೀ. ತುಂಬುತ್ತದೆ. ಇಂಥ ವಾಹನ 1,000 ಕಿ.ಮೀ.ಗೆ ಮುಕ್ಕಾಲು ಲೀಟರ್ ಕುಡಿಯುತ್ತಿದ್ದರೆ ಆ ಮೂರು ತಿಂಗಳಲ್ಲಿ ಮೇಲಿಂದ ಮೇಲೆ ಸುರಿದ ಆಯಿಲೇ ಮೂರೂಮುಕ್ಕಾಲು ಲೀಟರ್ ಆಗುತ್ತದೆ. ವರ್ಷಕ್ಕೆ 15 ಲೀಟರ್. ಈ ಲೆಕ್ಕವನ್ನು ಸೀಲು, ರಿಂಗು ಬದಲಿಸುವ ಖರ್ಚಿನೊಡನೆ ಹೋಲಿಸಿ ನಿರ್ಧಾರ ಕೈಗೊಳ್ಳಬೇಕು.

ಡೀಸೆಲ್‌ನ ಗಂಧಕದ ಮಿತಿ 2000ದಲ್ಲಿ ಹತ್ತು ಲಕ್ಷಕ್ಕೆ 2,500 ಭಾಗವಿತ್ತು; 2020ರಿಂದ ಅದು 10 ಭಾಗಕ್ಕೆ ಇಳಿದಿದೆ. ಇದರಿಂದ ಆಮ್ಲದ ಕಾಟ ತಗ್ಗಿದೆ. ಆದರೆ ಮಸಿ, ಧೂಳು, ನಗರದ ನಿಂತು ನಿಂತು ಸಾಗುವ ಓಟ ಇವು ತಗ್ಗಿಲ್ಲವಾದ್ದರಿಂದ ಅವಧಿಯನ್ನು ಹಿಗ್ಗಿಸಬಾರದು. ಆಯಿಲ್ ಜೊತೆಗೆ ಪ್ರತಿ ಬಾರಿಯೂ ಆಯಿಲ್ ಫಿಲ್ಟರ್ ಬದಲಿಸಬೇಕು. ಏರ್ ಫಿಲ್ಟರ್ ಶುಚಿಯಾಗಿಡಬೇಕು.

ಕೊಳ್ಳುವಾಗ ಬಿಡಿ ಆಯಿಲ್ ಬೇಡ. ಸೀಲ್ ಒಡೆಯದ ಡಬ್ಬಿ, ತಯಾರಿಕೆಯ ತಿಂಗಳು, ದರ್ಜೆಯ ಗುರುತು ನೋಡಿ ರಸೀದಿ ಪಡೆಯಬೇಕು. ಖಾಲಿ ಡಬ್ಬಿಯನ್ನು ಕತ್ತರಿಸಿ ಹಾಕಿದರೆ ಅದರಲ್ಲಿ ಕಲಬೆರಕೆ ಮಾಲು ತುಂಬಿ ಮಾರುವುದಕ್ಕೆ ಆಸ್ಪದವಿರುವುದಿಲ್ಲ.

ಇಳಿಸಿದ ಆಯಿಲ್ ಎಲ್ಲಿಗೆ?

ಇದು ರೈತರಿಗೆ ನೇರವಾಗಿ ಸಂಬಂಧಿಸಿದ ವಿಷಯ. ವಿಜಯನಗರ, ಗೋವಿಂದರಾಜನಗರ, ಕಾಮಾಕ್ಷಿಪಾಳ್ಯಗಳ ಚರಂಡಿ ನೀರು ವೃಷಭಾವತಿ ಕಣಿವೆಗೆ ಇಳಿಯುತ್ತದೆ. ವೃಷಭಾವತಿ ಕೆಂಗೇರಿಯ ಮೂಲಕ ಹರಿದು ಬಿಡದಿ ಸಮೀಪದ ಬೈರಮಂಗಲ ಕೆರೆಯನ್ನು ಸೇರುತ್ತದೆ. ಮುಂದೆ ಅರ್ಕಾವತಿಗೆ, ಅಲ್ಲಿಂದ ಕಾವೇರಿಗೆ. ಬೈರಮಂಗಲದ ಅಚ್ಚುಕಟ್ಟಿನ ರೈತರು ಆ ನೀರನ್ನೇ ಬೆಳೆಗೆ ಹಾಯಿಸುತ್ತಾ ಬಂದಿದ್ದಾರೆ. ಒಬ್ಬ ರೈತನ ವಾಹನದಿಂದ ಇಳಿಸಿ ಚರಂಡಿಗೆ ಚೆಲ್ಲಿದ ಆಯಿಲ್ ಇನ್ನೊಬ್ಬ ರೈತನ ಹೊಲಕ್ಕೆ ತಲುಪುವ ದಾರಿ ಇದು.

ಬಳಸಿದ ಆಯಿಲ್‌ನಲ್ಲಿ ಸವೆದ ಲೋಹದ ಕಣಗಳೂ ಕ್ಯಾನ್ಸರ್ ತರಬಲ್ಲ ಸುಟ್ಟ ಪದಾರ್ಥಗಳೂ ಇರುತ್ತವೆ. ಮಣ್ಣಿಗೆ ಬಿದ್ದರೆ ಗಾಳಿ, ನೀರು ಇಳಿಯದಂತೆ ಮಾಡಿ ಬೇರನ್ನು ಉಸಿರುಗಟ್ಟಿಸುತ್ತದೆ. ಗೆದ್ದಲಿಗೆಂದು ಗಿಡದ ಬುಡಕ್ಕೆ ಸುರಿಯುವುದು, ದನಗಳ ಮೈಗೆ ಹಚ್ಚುವುದು ಸಲ್ಲದು. ಕೈಗೆ ಹತ್ತಿದರೆ ಸಾಬೂನಿನಿಂದ ತೊಳೆಯಬೇಕು. 2016ರ ನಿಯಮಗಳ ಪ್ರಕಾರ ಇದು ಅಪಾಯಕಾರಿ ತ್ಯಾಜ್ಯ. ಪರವಾನಗಿ ಪಡೆದ ಮರುಸಂಸ್ಕರಣೆಗಾರರಿಗೇ ಸೇರಬೇಕು. ಆದ್ದರಿಂದ ಆಯಿಲ್ ಬದಲಿಸುವ ಗ್ಯಾರೇಜು ಹಳೆಯ ಆಯಿಲನ್ನು ಪೀಪಾಯಿಯಲ್ಲಿ ಕೂಡಿಟ್ಟು ಅಂಥವರಿಗೆ ಕೊಡುತ್ತದೆಯೇ ಎಂದು ಮೊದಲೇ ಕೇಳಿ ತಿಳಿಯಬೇಕು. ಮನೆಯಲ್ಲಿ ಬದಲಿಸಿದರೆ ಮುಚ್ಚಳವಿರುವ ಡಬ್ಬಿಯಲ್ಲಿ ತುಂಬಿ ಅಂಥ ಗ್ಯಾರೇಜಿಗೆ ಒಪ್ಪಿಸಬೇಕು.

ನೆನಪಿಡಬೇಕಾದ ಅಂಶಗಳು

ಕೈಪಿಡಿಯ ದರ್ಜೆಯನ್ನು ಮೊದಲು ನೋಡಬೇಕು. ಸವೆತ ಹೆಚ್ಚಿಲ್ಲದ, ಟರ್ಬೊ ಇಲ್ಲದ ಹಳೆಯ ಡೀಸೆಲ್ ಇಂಜಿನ್ನಿಗೆ 15ಡಬ್ಲ್ಯು-40, ಸಿಐ-4 ಸಾಕು. ಅಳೆಯದೆ, ಪರೀಕ್ಷಿಸದೆ ದಪ್ಪ ಆಯಿಲಿಗೆ ಹೋಗಬಾರದು. ಪ್ರತಿ 1,000 ಕಿ.ಮೀ.ಗೆ ತಗಲುವ ಆಯಿಲ್ ಲೆಕ್ಕವನ್ನು ಪುಸ್ತಕದಲ್ಲಿ ಬರೆದಿಟ್ಟರೆ ಇಂಜಿನ್ ಕೈಕೊಡುವ ಮೊದಲೇ ಸೂಚನೆ ದೊರೆಯುತ್ತದೆ. ರಿಪೇರಿಯನ್ನು ಕೊಯ್ಲಿನ ಬಿಡುವಿನಲ್ಲಿ, ಕೈಯಲ್ಲಿ ಹಣವಿರುವಾಗ ಮಾಡಿಸಿಕೊಳ್ಳಬಹುದು.