ಕಂಪನಿ ಕಾಲದ ಪಿಸ್ತೂಲು: ಸಂಗ್ರಹ ಶುರುಮಾಡುವವರಿಗೆ

ಹಳೆಯ ಮಿಲಿಟರಿ ಪಿಸ್ತೂಲುಗಳಲ್ಲಿ ಜರ್ಮನಿಯ ಲೂಗರ್‌ಗೂ ಅಮೆರಿಕದ ಕೋಲ್ಟ್‌ಗೂ ಬೆನ್ನುಹತ್ತಿದವರು ಬೇಕಾದಷ್ಟು ಜನ. ಹೊಸಬರು ಎಲ್ಲಕ್ಕೂ ಕೈಚಾಚದೆ ಒಂದೇ ಬಗೆಯನ್ನು ಹಿಡಿಯಬೇಕು. ಕನ್ನಡಿಗರಿಗೆ ನನ್ನ ಸಲಹೆ, ಈಸ್ಟ್ ಇಂಡಿಯಾ ಕಂಪನಿಯ ಅಶ್ವದಳದ ಚಕಮಕಿ ಪಿಸ್ತೂಲು. 1799ರಲ್ಲಿ ಟಿಪ್ಪು ಸುಲ್ತಾನನ ರಾಜಧಾನಿ ಶ್ರೀರಂಗಪಟ್ಟಣವನ್ನು ಮುತ್ತಿದ ಸೇನೆಯಲ್ಲಿ ಕಂಪನಿಯ ಪಡೆಗಳೂ ಇದ್ದವು. ಈ ಆಯುಧ ನಮ್ಮ ಚರಿತ್ರೆಯದೂ ಹೌದು.

ಹಂತ 1: ಮೊದಲು ಕಾನೂನು

ಹಳೆಯದು ಎಂದ ಮಾತ್ರಕ್ಕೆ ಲೈಸೆನ್ಸ್ ಬೇಡ ಎಂದುಕೊಳ್ಳಬೇಡಿ. 1959ರ ಶಸ್ತ್ರಾಸ್ತ್ರ ಕಾಯ್ದೆಯ 45ನೇ ಸೆಕ್ಷನ್ ಹಳೆಯ ಮಾದರಿಯ, ಪುರಾತನ ಮೌಲ್ಯದ ಆಯುಧಕ್ಕೆ ವಿನಾಯಿತಿ ಕೊಡುತ್ತದೆ ನಿಜ. ಆದರೆ ರಿಪೇರಿ ಮಾಡಿದರೂ ಅದರಿಂದ ಗುಂಡು ಹಾರಿಸಲು ಸಾಧ್ಯವಿರಬಾರದು. ಹಾಗಾಗಿ ಮುಂಗಡ ಕೊಡುವ ಮೊದಲೇ ಜಿಲ್ಲಾಧಿಕಾರಿ ಕಚೇರಿಯಲ್ಲಿ, ಬೆಂಗಳೂರಿನಲ್ಲಾದರೆ ಪೊಲೀಸ್ ಕಮಿಷನರ್ ಕಚೇರಿಯಲ್ಲಿ ಕೇಳಿ, ಉತ್ತರವನ್ನು ಬರಹದಲ್ಲಿ ಪಡೆಯಿರಿ. ನೂರು ವರ್ಷ ದಾಟಿದ ವಸ್ತುವಿಗೆ 1972ರ ಪುರಾವಸ್ತು ಕಾಯ್ದೆಯೂ ಇದೆ. ಖಾಸಗಿಯವರು ಅದನ್ನು ದೇಶದಿಂದ ಹೊರಗೆ ಒಯ್ಯುವಂತಿಲ್ಲ. ಅಮೆರಿಕದಲ್ಲಿರುವ ಕನ್ನಡಿಗರಿಗೆ ದಾರಿ ಸುಲಭ. ಅಲ್ಲಿನ ಫೆಡರಲ್ ಕಾನೂನು 1898 ಅಥವಾ ಅದಕ್ಕೂ ಮುಂಚೆ ತಯಾರಾದದ್ದನ್ನು ಪುರಾತನ ಎನ್ನುತ್ತದೆ, ಆದರೂ ನಿಮ್ಮ ರಾಜ್ಯದ ನಿಯಮವನ್ನು ಬೇರೆಯಾಗಿ ನೋಡಿಕೊಳ್ಳಿ.

ಹಂತ 2: ಕಣ್ಣು ಪಳಗಲಿ

ಮೊದಲ ಖರ್ಚು ಪುಸ್ತಕಕ್ಕಾಗಲಿ. ಕಂಪನಿಯ ಸಣ್ಣ ಆಯುಧಗಳ ಮೇಲೆ ಡೇವಿಡ್ ಹಾರ್ಡಿಂಗ್ ನಾಲ್ಕು ಸಂಪುಟ ಬರೆದಿದ್ದಾರೆ. ಟಿಪ್ಪುವಿನ ಬಂದೂಕು, ಪಿಸ್ತೂಲುಗಳ ಮೇಲೆ ರಾಬಿನ್ ವಿಗಿಂಗ್ಟನ್ ಅವರ ಪುಸ್ತಕವಿದೆ. ಬ್ರಿಟನ್ನಿನ ಲೀಡ್ಸ್‌ನಲ್ಲಿರುವ ರಾಯಲ್ ಆರ್ಮರೀಸ್ ತನ್ನ ಸಂಗ್ರಹದ ಫೋಟೊಗಳನ್ನು ಆನ್‌ಲೈನ್‌ನಲ್ಲಿಟ್ಟಿದೆ. ಅಸಲಿಯನ್ನು ಚೆನ್ನಾಗಿ ನೋಡಿದ ಕಣ್ಣಿಗೆ ನಕಲಿ ಬೇಗ ಸಿಕ್ಕಿಬೀಳುತ್ತದೆ.

ಹಂತ 3: ಗುರುತುಗಳನ್ನು ಓದಿ

ಈ ಹವ್ಯಾಸದ ಸವಿಯೆಲ್ಲ ಇಲ್ಲೇ. ಪಿಸ್ತೂಲನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದು ಲಾಕ್‌ನ ಪಟ್ಟಿಯನ್ನು ನೋಡಿ. ಹೃದಯದಾಕಾರವನ್ನು ನಾಲ್ಕು ಭಾಗ ಮಾಡಿ, ಒಳಗೆ ಕಂಪನಿಯ ಹೆಸರಿನ ಅಕ್ಷರಗಳು, ಮೇಲೆ 4ರ ಅಂಕಿಯಂಥ ಗೆರೆ ಇದ್ದರೆ ಅದು ಕಂಪನಿಯ ಹಳೆಯ ಮುದ್ರೆ. ಸುಮಾರು 1808ರಿಂದ ಈಚೆಗೆ ಅದರ ಜಾಗಕ್ಕೆ ಹಿಂಗಾಲಲ್ಲಿ ನಿಂತ ಸಿಂಹ ಬಂತು. ‘ಟವರ್’ ಎಂಬ ಬರಹ, ಕಿರೀಟದಡಿ ಜಾರ್ಜ್ ದೊರೆಯ ಅಕ್ಷರಗಳು ಕಂಡರೆ ಅದು ಬ್ರಿಟಿಷ್ ಸರ್ಕಾರದ ಸೇನೆಯದು, ಕಂಪನಿಯದಲ್ಲ. ಈ ವ್ಯತ್ಯಾಸ ತಿಳಿಯದವರು ಎರಡನ್ನೂ ಒಂದೇ ಹೆಸರಿನಲ್ಲಿ ಮಾರುತ್ತಾರೆ. ಅಶ್ವದಳದ ಪಿಸ್ತೂಲಿನ ನಳಿಗೆ ಸಾಮಾನ್ಯವಾಗಿ 9 ಇಂಚು; ಅಳತೆಪಟ್ಟಿ ಜೇಬಿನಲ್ಲಿರಲಿ.

ಶ್ರೀರಂಗಪಟ್ಟಣದಲ್ಲಿ ತಯಾರಾದ ಟಿಪ್ಪುವಿನ ಪಿಸ್ತೂಲುಗಳ ಮೇಲೆ ಹುಲಿಪಟ್ಟೆಯ ವಿನ್ಯಾಸ, ಟಿಪ್ಪುವೇ ಜಾರಿಗೆ ತಂದ ಮೌಲೂದಿ ಶಕೆಯ ಇಸವಿ ಇರುತ್ತವೆ. ಆ ಅಂಕಿಗಳನ್ನು ಬಲದಿಂದ ಎಡಕ್ಕೆ ಓದಬೇಕು. ಅಂಥದ್ದನ್ನು ಹೊಸಬರು ಮ್ಯೂಸಿಯಂನಲ್ಲಿ ನೋಡಿ ಕಲಿತರೆ ಸಾಕು. ‘ಟಿಪ್ಪುವಿನದು’ ಎಂದು ಯಾರಾದರೂ ಕೈಗಿಟ್ಟರೆ ಪರಿಣತರ ಬರಹವಿಲ್ಲದೆ ದುಡ್ಡು ಬಿಚ್ಚಬೇಡಿ.

ಹಂತ 4: ನಕಲಿ ಮತ್ತು ತೇಪೆ

ಅಫ್ಘಾನಿಸ್ತಾನ, ಖೈಬರ್ ಕಡೆಯ ಬಜಾರುಗಳಲ್ಲಿ ಕಂಪನಿ ಮುದ್ರೆಯ ನಕಲಿಗಳು ಬಹುಕಾಲದಿಂದ ತಯಾರಾಗುತ್ತಿವೆ. ಇಂಗ್ಲಿಷ್ ಅಕ್ಷರಗಳು ಉಲ್ಟಾ ಕೊರೆದಿರುವುದು, ಸಾಲು ಸೊಟ್ಟಗಿರುವುದು, ಇಸವಿಗೂ ಮಾದರಿಗೂ ತಾಳೆಯಾಗದಿರುವುದು ಅವುಗಳ ಲಕ್ಷಣ. ಇದಕ್ಕಿಂತ ಕಷ್ಟದ್ದು ತೇಪೆಯ ಪಿಸ್ತೂಲು. 19ನೇ ಶತಮಾನದಲ್ಲಿ ಎಷ್ಟೋ ಚಕಮಕಿ ಪಿಸ್ತೂಲುಗಳನ್ನು ಕ್ಯಾಪ್ ಸಿಡಿಸುವ ಬಗೆಗೆ ಬದಲಾಯಿಸಿದರು. ಬೆಲೆ ಏರಲೆಂದು ಈಚಿನವರು ಅವನ್ನು ಮತ್ತೆ ಚಕಮಕಿಗೆ ತಿರುಗಿಸಿದ್ದಾರೆ. ಮದ್ದಿನ ಬಟ್ಟಲಿನ ಪಕ್ಕದ ಕಿಂಡಿಯ ಸುತ್ತ ಕಬ್ಬಿಣದ ಬಣ್ಣ ಬೇರೆಯಿದೆಯೇ, ಕಲ್ಲು ಕಚ್ಚುವ ತುಂಡು ಮಿಕ್ಕ ಭಾಗಕ್ಕಿಂತ ಹೊಸದಾಗಿ ಕಾಣುತ್ತದೆಯೇ ನೋಡಿ.

ಹಂತ 5: ಒಳಗೆ ಮದ್ದಿದೆಯೇ?

ಇನ್ನೂರು ವರ್ಷದ ಪಿಸ್ತೂಲಿನಲ್ಲೂ ತುಂಬಿದ ಮದ್ದು ಹಾಗೇ ಉಳಿದಿರಬಹುದು. ಬಾಯಿ ಯಾರ ಕಡೆಗೂ ಇರದಂತೆ ಹಿಡಿದು, ಮರದ ಕಡ್ಡಿಯನ್ನು ನಳಿಗೆಯೊಳಗೆ ಮೆಲ್ಲಗೆ ಇಳಿಸಿ, ಬಾಯಿಯ ಅಂಚಿಗೆ ಗುರುತು ಮಾಡಿ. ಅದೇ ಕಡ್ಡಿಯನ್ನು ಹೊರಗೆ ನಳಿಗೆಯ ಪಕ್ಕ ಇಟ್ಟಾಗ ತುದಿ ಕಿಂಡಿಯವರೆಗೆ ಮುಟ್ಟದಿದ್ದರೆ ಒಳಗೆ ಏನೋ ಇದೆ. ನೀವೇ ಕೆದಕಬೇಡಿ, ಲೈಸೆನ್ಸ್ ಇರುವ ಬಂದೂಕು ರಿಪೇರಿಯವರನ್ನು ಕರೆಸಿ.

ಹಂತ 6: ಉಜ್ಜಬೇಡಿ

ನಮ್ಮ ಮನೆಗಳಲ್ಲಿ ಹಿತ್ತಾಳೆ ಕಂಡರೆ ಹುಣಸೆಹಣ್ಣು ಹುಡುಕುತ್ತೇವೆ. ಹಿಡಿಯ ತುದಿಯ ಹಿತ್ತಾಳೆಗೆ ಅದನ್ನು ಸೋಕಿಸಲೇಬೇಡಿ. ಉಜ್ಜಿದಷ್ಟೂ ಮುದ್ರೆ, ರೆಜಿಮೆಂಟಿನ ಅಂಕಿ ಸವೆಯುತ್ತವೆ. ಪಿಸ್ತೂಲಿನ ಬೆಲೆಯೂ ಚರಿತ್ರೆಯೂ ಅವುಗಳ ಜೊತೆಗೇ ಹೋಗುತ್ತವೆ. ಒಣ ಹತ್ತಿಬಟ್ಟೆ, ಮ್ಯೂಸಿಯಂನವರು ಬಳಸುವ ಮೈಕ್ರೋಕ್ರಿಸ್ಟಲೈನ್ ಮೇಣದ ತೆಳು ಲೇಪ, ಇಷ್ಟು ಸಾಕು. ಚರ್ಮದ ಚೀಲದಲ್ಲಿ ಇಟ್ಟರೆ ಕಬ್ಬಿಣ ತುಕ್ಕು ಹಿಡಿಯುತ್ತದೆ. ಆಯುಧಪೂಜೆಗೆ ಅರಿಸಿನ ಕುಂಕುಮವನ್ನು ಲೋಹಕ್ಕೆ ಹಚ್ಚದೆ, ಕೆಳಗೆ ಹಾಸಿದ ಬಟ್ಟೆಗೆ ಇಡಿ. ನೀರು ಕುಡಿದ ಹೂವನ್ನು ಅದರ ಮೇಲೆ ರಾತ್ರಿಯಿಡೀ ಬಿಡಬೇಡಿ. ಚಕಮಕಿಯನ್ನು ಸುಮ್ಮನೆ ಎಳೆದು ಬಿಡುವ ಚಟವೂ ಬೇಡ, ಹಳೆಯ ಸ್ಪ್ರಿಂಗ್ ಮುರಿಯುತ್ತದೆ.

ಹಂತ 7: ದಾಖಲೆ

ಯಾರಿಂದ, ಯಾವಾಗ, ಎಷ್ಟಕ್ಕೆ ಎಂದು ಬರೆದಿಡಿ. ಪ್ರತಿ ಮುದ್ರೆಯ ಫೋಟೊ ತೆಗೆಯಿರಿ. ನಿಮ್ಮ ಅಟ್ಟದ ಮೇಲೆ ಮುತ್ತಜ್ಜನ ಪಿಸ್ತೂಲು ಇದ್ದರೆ ಗುಜರಿಗೆ ಹಾಕಬೇಡಿ. ಕಾನೂನಿನ ಮಾತು ಕಚೇರಿಯಲ್ಲಿ ಕೇಳಿ. ಅದು ಮನೆಗೆ ಬಂದ ಕಥೆಯನ್ನು, ಬಲ್ಲ ಹಿರಿಯರು ಇರುವಾಗಲೇ ಕೇಳಿ ಬರೆದುಕೊಳ್ಳಿ.